ಕೌದಿಯೋ, ಟೈಲ್ಸೋ, ಪ್ಯಾರಿಸ್ಸೋ?

ಪ್ರಶ್ನೆ: ‘ನಾನು ಧಾರವಾಡದಲ್ಲಿ ದೃಶ್ಯಕಲೆಯ ಸ್ನಾತಕೋತ್ತರ ವಿದ್ಯಾರ್ಥಿನಿ. ಕೊನೆಯ ವರ್ಷದ ಪ್ರಬಂಧಕ್ಕೆ ಟರ್ಕಿಯ ಕಲಾವಿದೆ ಫಹ್ರೆಲ್‌ನಿಸಾ ಝೈದ್ ಅವರನ್ನು ಆರಿಸಿಕೊಂಡಿದ್ದೇನೆ. ಅವರ ಮೇಲೆ ಯಾರ ಪ್ರಭಾವವಿತ್ತು ಎಂಬ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸಿಕ್ಕಿದ ಬರಹಗಳಲ್ಲೆಲ್ಲ ಇಸ್ಲಾಮಿ ಟೈಲ್ಸ್, ಇಸ್ತಾಂಬುಲ್ಲಿನ ಹಳೆಯ ಕ್ರೈಸ್ತ ಸಾಮ್ರಾಜ್ಯವಾದ ಬೈಜಾಂಟಿಯಂನ ಮೊಸಾಯಿಕ್ (ಬಣ್ಣದ ಚೂರು ಕೂಡಿಸಿ ಮಾಡಿದ ಚಿತ್ರ), ಪರ್ಷಿಯಾದ ಮಿನಿಯೇಚರ್ (ಪುಟ್ಟ ಅಳತೆಯ ಚಿತ್ರ) ಎಂದಿದೆ. ಮಾರ್ಗದರ್ಶಕರು ಒಪ್ಪುವುದಿಲ್ಲ, ಪ್ಯಾರಿಸ್ಸಿಗೆ ಹೋದವರೆಲ್ಲ ಆಗ ಹಾಗೆಯೇ ಬರೆಯುತ್ತಿದ್ದರು, ಇದು ನಕಲು ಎನ್ನುತ್ತಾರೆ. ಗೆಳತಿಯೊಬ್ಬಳು, ಆಕೆಗೆ ಮಾನಸಿಕ ಕಾಯಿಲೆ ಇತ್ತಂತೆ, ಅದನ್ನೇ ಬರೆ ಎಂದಳು. ನನ್ನ ಅಜ್ಜಿ ಮೊಬೈಲಿನಲ್ಲಿ ಚಿತ್ರ ನೋಡಿ, ಇದು ಕೌದಿಯಲ್ಲವೇನೇ ಎಂದುಬಿಟ್ಟಳು. ಯಾರ ಮಾತು ಸರಿ? ಪ್ರಭಾವವನ್ನು ತೀರ್ಮಾನಿಸುವುದು ಹೇಗೆ? ಕೇಳಲು ಸಂಕೋಚವಾಗುವ ಇನ್ನೊಂದು ಪ್ರಶ್ನೆಯೂ ಇದೆ. ನನ್ನ ಅಮೂರ್ತ ಚಿತ್ರಗಳನ್ನು ನೋಡಿದವರು, ಇದರಲ್ಲಿ ನಮ್ಮತನ ಎಲ್ಲಿದೆ ಎಂದು ಕೇಳುತ್ತಾರೆ. ಹೀಗಾಗಿ ಇದು ನನಗೆ ಬರೀ ಅಂಕದ ವಿಷಯವಾಗಿ ಉಳಿದಿಲ್ಲ.’

ಉತ್ತರ: ನಿಮ್ಮ ಅಜ್ಜಿಯಿಂದಲೇ ಶುರುಮಾಡುತ್ತೇನೆ. ನಾಲ್ವರಲ್ಲಿ ಚಿತ್ರವನ್ನು ನಿಜವಾಗಿ ನೋಡಿದವರು ಅವರೊಬ್ಬರೇ ಎಂದು ನನಗೆ ಅನುಮಾನ. ಚೂರು ಚೂರು ಬಣ್ಣ, ಒಂದರ ಪಕ್ಕ ಒಂದು, ಖಾಲಿ ಜಾಗವೇ ಇಲ್ಲ. ಕೌದಿ ಎಂದು ಅನ್ನಿಸದಿದ್ದರೇ ಆಶ್ಚರ್ಯ. ಆದರೆ ಫಹ್ರೆಲ್‌ನಿಸಾ ಧಾರವಾಡದ ಕೌದಿಯನ್ನು ಕಂಡವರಲ್ಲ. ಕೌದಿಯಂತೆ ಕಾಣುತ್ತದೆ ಎಂಬುದು ನಿಜ, ಕೌದಿಯಿಂದ ಬಂತು ಎಂಬುದು ಸುಳ್ಳು. ಟೈಲ್ಸ್ ಎಂದು ಬರೆದವರು ಈ ಎರಡು ಮಾತುಗಳ ನಡುವಿನ ಅಂತರವನ್ನು ಸಲೀಸಾಗಿ ದಾಟಿಬಿಟ್ಟಿದ್ದಾರೆ. ಇಸ್ತಾಂಬುಲ್ ಎಂಬ ಊರಿನ ಹೆಸರು ಅವರ ಕೈಯಲ್ಲಿದ್ದುದರಿಂದ ಯಾರೂ ಪ್ರಶ್ನಿಸಲಿಲ್ಲ, ಅಷ್ಟೆ.

ಸುಮಾರು 30 ವರ್ಷ ಕಲಾ ಇತಿಹಾಸ ಪಾಠ ಮಾಡಿದ್ದೇನೆ. ನನ್ನ ಮುಂದೆ ಬಂದ ಪ್ರಬಂಧಗಳಲ್ಲಿ ಅತಿ ಸೊರಗಿದ ಅಧ್ಯಾಯ ಯಾವಾಗಲೂ ‘ಪ್ರಭಾವಗಳು’ ಎಂಬುದೇ. ಹುಟ್ಟಿದ ಊರಿನಿಂದ ಒಂದು, ಓದಿದ ಶಾಲೆಯಿಂದ ಒಂದು, ಮನೆಯ ದುಃಖದಿಂದ ಒಂದು ಎಂದು ಎಣಿಸಿ ಮುಗಿಸುತ್ತಾರೆ. ಅಡುಗೆಯ ಸಾಮಾನಿನ ಚೀಟಿ ಇದ್ದ ಹಾಗೆ. ಯಾವುದನ್ನು ಯಾವಾಗ ಒಲೆಗೆ ಹಾಕಿದರು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ನಿಮ್ಮ ತೊಡಕಿಗೆ ಪರಿಹಾರ ಇರುವುದು ಈ ‘ಯಾವಾಗ’ ಎಂಬಲ್ಲಿ.

ಮೊದಲು ಬದುಕಿನ ಚೌಕಟ್ಟನ್ನು ಹೇಳಿಬಿಡುತ್ತೇನೆ. ಹುಟ್ಟಿದ್ದು 1901ರಲ್ಲಿ, ಇಸ್ತಾಂಬುಲ್ ಪಕ್ಕದ ಬ್ಯುಯುಕಾದಾ ದ್ವೀಪದಲ್ಲಿ, ಆಟೊಮನ್ ಸಾಮ್ರಾಜ್ಯದ ಶಾಕಿರ್ ಪಾಷಾ ಮನೆತನದಲ್ಲಿ. ಬರೆಯುವವರು, ಕೆತ್ತುವವರು, ಮಣ್ಣು ಮಿದಿಯುವವರೇ ತುಂಬಿದ ಮನೆ ಅದು. ಅಣ್ಣ ಜೆವಾತ್ ಶಾಕಿರ್ ಮುಂದೆ ದೊಡ್ಡ ಲೇಖಕ, ತಂಗಿ ಆಲಿಯೆ ಬರ್ಗರ್ ಮುದ್ರಣಕಲಾವಿದೆ, ಸೋದರಿಯ ಮಗಳು ಫ್ಯುರೆಯಾ ಕೋರಾಲ್ ಪಿಂಗಾಣಿ ಕಲಾವಿದೆ. ಇವರು ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ತಂದೆ ಗುಂಡೇಟಿನಿಂದ ಸತ್ತರು, ಕೊಲೆಯ ಅಪರಾಧದಲ್ಲಿ ಇದೇ ಅಣ್ಣನಿಗೆ ಶಿಕ್ಷೆಯಾಯಿತು. 1919ರಲ್ಲಿ ಇಸ್ತಾಂಬುಲ್ಲಿನ ಹೆಣ್ಣುಮಕ್ಕಳ ಕಲಾಶಾಲೆಗೆ ಸೇರಿದರು. ಆ ಶಾಲೆ ತೆರೆದು ಆಗ 5 ವರ್ಷವಷ್ಟೇ ಆಗಿತ್ತು. 1920ರಲ್ಲಿ ಲೇಖಕ ಇಝೆತ್ ಮೆಲಿಹ್ ದೆವ್ರಿಮ್ ಜತೆ ಮದುವೆ. ಮೊದಲ ಮಗು ಎಳವೆಯಲ್ಲೇ ತೀರಿಕೊಂಡಿತು. 1928ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ರಾನ್ಸೋಂನಲ್ಲಿ ಕಲಿಕೆ. 1934ರಲ್ಲಿ ವಿಚ್ಛೇದನ, ಅದೇ ವರ್ಷ ಇರಾಕಿನ ಹಾಶೆಮಿ ರಾಜಮನೆತನದ ಝೈದ್ ಬಿನ್ ಹುಸೇನ್ ಜತೆ ಎರಡನೇ ಮದುವೆ. ಆಮೇಲೆ ಬರ್ಲಿನ್, ಬಾಗ್ದಾದ್, ಮತ್ತೆ ಇಸ್ತಾಂಬುಲ್, 1946ರಿಂದ ಲಂಡನ್ ಮತ್ತು ಪ್ಯಾರಿಸ್. 1970ರ ದಶಕದ ನಡುವಿನಿಂದ ಜೋರ್ಡಾನ್‌ನ ಅಮ್ಮಾನ್, 1991ರಲ್ಲಿ ಅಲ್ಲೇ ಸಾವು.

ಇಷ್ಟನ್ನು ಓದಿದವರಿಗೆ ಮೂರು ಕಥೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ: ಪೂರ್ವದ ರಾಜಕುಮಾರಿ, ಪ್ಯಾರಿಸ್ಸಿನ ಶಿಷ್ಯೆ, ದುಃಖಿತೆ. ನಿಮಗೆ ಬಂದ ಮೂರು ಸಲಹೆಗಳೂ ಇವೇ.

ಟೈಲ್ಸ್ ಮಾತನ್ನು ಮೊದಲು ನೋಡೋಣ. ಟೈಲ್ಸಿನ ಜ್ಯಾಮಿತಿ ನಡೆಯುವುದು ಮರುಕಳಿಕೆಯ ಮೇಲೆ. ಒಂದು ಘಟಕ ಗೊತ್ತಾದರೆ ಗೋಡೆಯೇ ಗೊತ್ತಾದಂತೆ. ನಮ್ಮ ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಚುಕ್ಕಿ ಇಟ್ಟಾಗಲೇ ಅರ್ಧ ಚಿತ್ರ ಮುಗಿದಿರುತ್ತದೆ, ಎಡಕ್ಕೆ ಬಂದ ಎಳೆ ಬಲಕ್ಕೂ ಬರಲೇಬೇಕು. ಫಹ್ರೆಲ್‌ನಿಸಾ ಅವರ ದೊಡ್ಡ ಅಮೂರ್ತ ಚಿತ್ರಗಳಲ್ಲಿ ಈ ಕಟ್ಟುಪಾಡು ಇಲ್ಲ. 2017ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ನಡೆದಾಗ ನಾನು ಹೋಗಿದ್ದೆ. 1951ರ ‘ನನ್ನ ನರಕ’ ಎಂಬ ಚಿತ್ರದ ಎದುರು ನಿಂತು, ಒಂದು ತ್ರಿಕೋನ ಇನ್ನೊಂದರ ಪಡಿಯಚ್ಚಾಗಿದೆಯೇ ಎಂದು ಹುಡುಕತೊಡಗಿದೆ. 2 ಮೀಟರ್ ಎತ್ತರ, 5 ಮೀಟರಿಗೂ ಮಿಕ್ಕಿದ ಅಗಲ. ಅದನ್ನು ನಿಂತು ನೋಡಲಾಗುವುದಿಲ್ಲ, ಪಕ್ಕಪಕ್ಕಕ್ಕೆ ನಡೆಯುತ್ತ ನೋಡಬೇಕು. ದೂರದಿಂದ ಕತ್ತರಿಸಿಟ್ಟ ಗಾಜಿನಂತೆ ಚೂಪಾಗಿ ಕಾಣುವ ಅಂಚುಗಳು ಹತ್ತಿರ ಹೋದರೆ ಕೈಯ ನಡುಕ ಉಳಿಸಿಕೊಂಡಿವೆ. ಸ್ಕೇಲ್ ಇಟ್ಟು ಎಳೆದವಲ್ಲ. ಒಂದು ಕಡೆ ಚೂರುಗಳು ಹೆಬ್ಬೆರಳಿನ ಉಗುರಿನಷ್ಟು ಕಿರಿದಾಗಿ ಗುಂಪುಗೂಡುತ್ತವೆ, ಇನ್ನೊಂದು ಕಡೆ ಅಗಲವಾಗಿ ಜಾರುತ್ತವೆ. ಇಡೀ ಮೈ ಸುಳಿಯಂತೆ ಎಳೆಯುತ್ತದೆ. ಪಡಿಯಚ್ಚು ಸಿಗಲಿಲ್ಲ. ಮ್ಯೂಸಿಯಂ ಕಾವಲುಗಾರ ಎರಡು ಸಲ ನನ್ನನ್ನು ಹಿಂದೆ ಸರಿಯಲು ಹೇಳಿದ.

ಇದನ್ನು ನೀವೂ ಮಾಡಿ ನೋಡಬಹುದು, ಲಂಡನ್ನಿಗೆ ಹೋಗಬೇಕಾಗಿಲ್ಲ. 1948ರ ‘ಬಗೆಹರಿದ ಸಮಸ್ಯೆಗಳು’ ಚಿತ್ರದ ಒಳ್ಳೆಯ ಮುದ್ರಿತ ಪ್ರತಿ ತೆಗೆದುಕೊಳ್ಳಿ. ಬಿಳಿ ಕಾಗದದಲ್ಲಿ ಒಂದಂಗುಲದ ಚೌಕ ಕಿಟಕಿ ಕತ್ತರಿಸಿ, ಚಿತ್ರದ ಮೇಲೆ ಎಡದಿಂದ ಬಲಕ್ಕೆ ಸರಿಸುತ್ತ ಹೋಗಿ. ಕಿಟಕಿಯಲ್ಲಿ ಈಗ ಕಂಡದ್ದರಿಂದ ಮುಂದೆ ಕಾಣುವುದನ್ನು ಊಹಿಸಲು ಆಗುತ್ತದೆಯೇ? ಅದೇ ಕಿಟಕಿಯನ್ನು ಟರ್ಕಿಯ ಇಝ್ನಿಕ್ ಊರಿನ ಟೈಲ್ಸಿನ ಗೋಡೆಯ ಫೋಟೋ ಮೇಲೆ ಇಡಿ. ನನ್ನ ವಿದ್ಯಾರ್ಥಿಗಳು ಟೈಲ್ಸನ್ನು ಮೂರನೇ ಸರಿತದಲ್ಲೇ ಊಹಿಸಿಬಿಡುತ್ತಿದ್ದರು. ಫಹ್ರೆಲ್‌ನಿಸಾ ಅವರದನ್ನು ಕೊನೆಯವರೆಗೂ ಊಹಿಸಲಾಗುತ್ತಿರಲಿಲ್ಲ. ಕಣ್ಣಿಗೆ ಒಂದೇ ಥರ ಕಂಡರೂ ಒಳಗಿನ ಕಾನೂನು ಬೇರೆ.

ಮೊಸಾಯಿಕ್ ವಿಷಯದಲ್ಲಿ ತಾರೀಖೇ ಸಾಕ್ಷಿ ಹೇಳುತ್ತದೆ. ಬಾಲ್ಯದಲ್ಲಿ ಇಸ್ತಾಂಬುಲ್ಲಿನ ಹಾಗಿಯಾ ಸೋಫಿಯಾದ, ಅಂದರೆ ಬೈಜಾಂಟಿಯಂ ಕಾಲದ ದೊಡ್ಡ ಚರ್ಚಿನ, ಮೊಸಾಯಿಕ್‌ಗಳನ್ನು ನೋಡುತ್ತ ಬೆಳೆದರು ಎಂಬ ಸಾಲನ್ನು ಬರೆಯುವ ಆಸೆ ಯಾರಿಗೂ ಆಗುತ್ತದೆ. ಆದರೆ ಅವರ ಬಾಲ್ಯದಲ್ಲಿ ಅದು ಮಸೀದಿ. ಮನುಷ್ಯರೂಪದ ಮೊಸಾಯಿಕ್‌ಗಳು ಬಹುಪಾಲು ಗಾರೆಯ ಕೆಳಗೆ ಮುಚ್ಚಿಹೋಗಿದ್ದವು. ಅವುಗಳನ್ನು ಬಿಡಿಸಿ ಹೊರತೆಗೆಯುವ ಕೆಲಸ ಶುರುವಾದದ್ದು 1931ರಲ್ಲಿ. ಆಗ ಅವರಿಗೆ 30ರ ಹತ್ತಿರ, ಪ್ಯಾರಿಸ್ಸಿನ ಪಾಠವೂ ಮುಗಿದಿತ್ತು. ಆಮೇಲೆ ನೋಡಿರಬಹುದು, ಮೆಚ್ಚಿರಲೂಬಹುದು. ಆದರೆ ‘ಬಾಲ್ಯದ ಸಂಸ್ಕಾರ’ ಎಂಬ ಪದವನ್ನು ನಿಮ್ಮ ಪ್ರಬಂಧದಿಂದ ತೆಗೆದುಹಾಕಿ. ಮೊಸಾಯಿಕ್‌ನಲ್ಲಿ ಚೂರುಗಳು ಆಳುಗಳಿದ್ದಂತೆ, ಎಲ್ಲ ಸೇರಿ ಒಂದು ಮುಖವನ್ನೋ ನಿಲುವಂಗಿಯನ್ನೋ ಹೊರುತ್ತವೆ. ಇಲ್ಲಿ ಹೊರಲು ಮುಖವಿಲ್ಲ, ಚೂರುಗಳದ್ದೇ ಯಜಮಾನಿಕೆ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಇದರಲ್ಲಿ ಇಬ್ಬರ ಪಾಲಿದೆ. ಎರಡನೇ ಮಹಾಯುದ್ಧದ ನಂತರ ಯುರೋಪಿನ ವಿಮರ್ಶಕರಿಗೆ ಇಸ್ತಾಂಬುಲ್ಲಿನಲ್ಲಿ ಹುಟ್ಟಿದ, ಬಾಗ್ದಾದಿನ ಸೊಸೆಯಾದ ಒಬ್ಬ ರಾಜಕುಮಾರಿ ಎದುರಾದಾಗ ಅರೇಬಿಯನ್ ಕತೆಗಳು ನೆನಪಾಗದೇ ಇರುವುದು ಕಷ್ಟವಿತ್ತು. ಇನ್ನೊಂದು ಪಾಲು ಸ್ವತಃ ಅವರದೇ. 1980ರಲ್ಲಿ ‘ಗತಕಾಲದ ಒಬ್ಬರು’ ಎಂಬ ಸ್ವಂತ ಭಾವಚಿತ್ರ ಬರೆದರು. ಅದರ ಬಗ್ಗೆ ಹೇಳುತ್ತ, ತಾನು ನಾಲ್ಕು ನಾಗರಿಕತೆಗಳ ಸಂತತಿ, ಕೈ ಪರ್ಷಿಯಾದ್ದು, ಉಡುಪು ಬೈಜಾಂಟಿಯಂನದು, ಮುಖ ಕ್ರೀಟಿನದು, ಕಣ್ಣು ಪೂರ್ವದ್ದು ಎಂದರು. ಎಲ್ಲರೂ ಈ ಮಾತನ್ನು ಎತ್ತಿಕೊಳ್ಳುತ್ತಾರೆ, ನೀವೂ ಎತ್ತಿಕೊಂಡಿರುತ್ತೀರಿ. ಅದರ ಬಾಲವನ್ನು ಮಾತ್ರ ಬಹಳ ಮಂದಿ ಕತ್ತರಿಸುತ್ತಾರೆ: ಬರೆಯುವಾಗ ಇದಾವುದರ ಅರಿವೂ ತನಗಿರಲಿಲ್ಲ ಎಂದು ಅವರು ಸೇರಿಸಿದ್ದಾರೆ. ಮೊದಲರ್ಧ 80ರ ಸಮೀಪದ ಹಿರಿಯೊಬ್ಬರು ತಮ್ಮ ಬದುಕನ್ನು ಹಿಂದಿರುಗಿ ನೋಡಿ ಆಡಿದ ಮಾತು. ಅದು ಒಂದು ಭಾವಚಿತ್ರದ ಕುರಿತದ್ದು. 30 ವರ್ಷ ಹಿಂದಿನ ಅಮೂರ್ತ ಚಿತ್ರಕ್ಕೆ ಅದನ್ನು ಅಂಟಿಸುವ ಹಕ್ಕು ನಮಗಿಲ್ಲ.

ಅಮ್ಮಾನಿನಲ್ಲಿ ಅವರ ಶಿಷ್ಯೆಯಾಗಿದ್ದ ಅದಿಲಾ ಲೈದಿ-ಹನಿಯೆ 2017ರಲ್ಲಿ ಅವರ ಜೀವನಚರಿತ್ರೆ ಪ್ರಕಟಿಸಿದರು. ಈ ‘ಪೂರ್ವದ’ ಓದನ್ನು ಗಟ್ಟಿಯಾಗಿ ಪ್ರಶ್ನಿಸಿದವರು ಅವರು. ನಿಮ್ಮ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ತರಿಸಿಕೊಳ್ಳಿ. ಅಂತರ್ಜಾಲದ 20 ಲೇಖನಗಳಿಗಿಂತ ಅದೊಂದು ಸಾಕು, ಏಕೆಂದರೆ ಆ 20 ಲೇಖನಗಳು ಒಂದನ್ನೊಂದು ನೋಡಿ ಬರೆದವು.

ಈಗ ನಿಮ್ಮ ಮಾರ್ಗದರ್ಶಕರ ಮಾತು. ಅವರದು ಪೂರ್ತಿ ತಪ್ಪಲ್ಲ, ಮತ್ತು ಅವರೊಂದಿಗೆ ವರ್ಷಪೂರ್ತಿ ಏಗಬೇಕಾದವರು ನೀವು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. 1928ರಲ್ಲಿ ಅಕಾಡೆಮಿ ರಾನ್ಸೋಂನಲ್ಲಿ ಫಹ್ರೆಲ್‌ನಿಸಾ ಅವರಿಗೆ ಕಲಿಸಿದ್ದು ರೋಜೆ ಬಿಸಿಯೇರ್. ಕ್ಯೂಬಿಸಂ (ವಸ್ತುವನ್ನು ಜ್ಯಾಮಿತಿಯ ತುಂಡುಗಳಾಗಿ ಒಡೆದು ತೋರಿಸುವ ಶೈಲಿ) ದಾಟಿ ಬಂದ, ಶಿಷ್ಯರ ಮೇಲೆ ತನ್ನ ಶೈಲಿಯನ್ನು ಹೇರದ ಮೇಷ್ಟ್ರು ಎಂದು ಹೆಸರಾದವರು. ಮುಂದೆ ಮೆಟ್ಸ್ ನಗರದ ಕ್ಯಾಥೆಡ್ರಲ್ಲಿಗೆ ಬಣ್ಣದ ಗಾಜಿನ ಕಿಟಕಿಗಳನ್ನು ರೂಪಿಸಿದರು. ಪೋರ್ಚುಗಲ್ಲಿನ ಮರಿಯಾ ಎಲೆನಾ ವಿಯೇರಾ ದ ಸಿಲ್ವಾ ಕೂಡ ಇದೇ ಬಿಸಿಯೇರ್ ಬಳಿ ಕಲಿತವರು. ಅವರ ಚಿತ್ರಗಳಲ್ಲೂ ಪುಟ್ಟ ಪುಟ್ಟ ಚೌಕಗಳು ಒತ್ತೊತ್ತಾಗಿ ಬರುತ್ತವೆ. ತಮಾಷೆಯೆಂದರೆ, ಅವರ ವಿಷಯದಲ್ಲೂ ವಿಮರ್ಶಕರು ಲಿಸ್ಬನ್ನಿನ ಟೈಲ್ಸನ್ನೇ ತೋರಿಸುತ್ತಾರೆ. ಪ್ಯಾರಿಸ್ಸಿನ ಹೊರಗಿನಿಂದ ಬಂದ ಹೆಂಗಸಿಗೆ ಟೈಲ್ಸ್ ಕಟ್ಟಿಟ್ಟ ಬುತ್ತಿ ಎಂದಾಯಿತು.

ಆದರೆ ನಕಲು ಎನ್ನುವ ಮೊದಲು ಮಾರ್ಗದರ್ಶಕರಿಗೆ ಒಂದು ಪ್ರಶ್ನೆ ಕೇಳಿ, ವಿನಯದಿಂದಲೇ: 1928ರಲ್ಲಿ ಕಲಿತದ್ದು ಪ್ಯಾರಿಸ್ಸಿನ ಅಮೂರ್ತವಾಗಿದ್ದರೆ, 1947ರವರೆಗೆ ಅದು ಎಲ್ಲಿ ಅಡಗಿ ಕುಳಿತಿತ್ತು? ಹತ್ತೊಂಬತ್ತು ವರ್ಷ ಸಣ್ಣ ಅಂತರವಲ್ಲ. ಈ ಮಧ್ಯದ ವರ್ಷಗಳಲ್ಲಿ ಅವರು ಬರೆದದ್ದು ಮನೆಯೊಳಗಿನ ದೃಶ್ಯ, ಸ್ನಾನಗೃಹ, ಜಾತ್ರೆಯಂಥ ಜನಸಂದಣಿ, ಭಾವಚಿತ್ರ. 1940ರ ದಶಕದ ಆರಂಭದಲ್ಲಿ ಇಸ್ತಾಂಬುಲ್ಲಿಗೆ ಮರಳಿ ‘ಡಿ ಗುಂಪು’ ಎಂಬ ಕಲಾವಿದರ ಸಂಘದೊಂದಿಗೆ ಸೇರಿಕೊಂಡರು. 1933ರಲ್ಲಿ ನುರುಲ್ಲಾ ಬೆರ್ಕ್, ಅಬಿದಿನ್ ದಿನೊ ಮೊದಲಾದ ಆರು ಜನ ಕಟ್ಟಿದ್ದ ಸಂಘ ಅದು. ಟರ್ಕಿಯ ನಾಲ್ಕನೇ ಕಲಾಸಂಘವಾದ್ದರಿಂದ ನಾಲ್ಕನೇ ಅಕ್ಷರದ ಹೆಸರು. ಅಲ್ಲಿನವರಲ್ಲಿ ಹಲವರು ಪ್ಯಾರಿಸ್ಸಿನಲ್ಲಿ ಕಲಿತು ಕ್ಯೂಬಿಸಂ ತಂದವರು. ಫಹ್ರೆಲ್‌ನಿಸಾ ಅವರ ಜತೆ ಪ್ರದರ್ಶಿಸಿದರೂ ಅವರ ಕ್ಯೂಬಿಸಂ ಹಿಡಿಯಲಿಲ್ಲ. 1945ರಲ್ಲಿ ಮಾಚ್ಕಾ ಬಡಾವಣೆಯ ತಮ್ಮ ಮನೆಯನ್ನೇ ಗ್ಯಾಲರಿ ಮಾಡಿ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಸಿದರು.

ಈ ಕಾಲದ ಚಿತ್ರಗಳನ್ನು ನೋಡದೆ ಮುಂದೆ ಹೋಗಬೇಡಿ. ಉತ್ತರ ಇರುವುದು ಇಲ್ಲೇ ಎಂದು ನನ್ನ ನಂಬಿಕೆ.

1943ರ ‘ಮೂರನೇ ದರ್ಜೆಯ ಪ್ರಯಾಣಿಕರು’ ತೆಗೆದುಕೊಳ್ಳಿ. ಜನ, ಗಂಟುಮೂಟೆ, ಹೂಬಣ್ಣದ ಬಟ್ಟೆ, ಹಾಸು, ಮತ್ತೆ ಜನ. ಉಸಿರಾಡಲು ಜಾಗವಿಲ್ಲ. ಅದೇ ವರ್ಷದ ‘ಬದುಕಿನ ಮೂರು ಬಗೆ’ ಎಂಬುದರಲ್ಲಿ ಯುದ್ಧ, ಕೆಲಸ, ಓಡಾಟ ಎಲ್ಲವನ್ನೂ ಒಂದೇ ಹಲಗೆಯಲ್ಲಿ ತುರುಕಿದ್ದಾರೆ, ನೋಡುವವರ ಕಣ್ಣನ್ನು ಎತ್ತರಕ್ಕೆ ಒಯ್ದು ಕೂರಿಸಿದ್ದಾರೆ. ಹಳ್ಳಿಯ ಜಾತ್ರೆಯನ್ನು ದೇವಸ್ಥಾನದ ಮಾಳಿಗೆಯಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ: ತಲೆಗಳು ಬಣ್ಣದ ಚುಕ್ಕಿಗಳಾಗುತ್ತವೆ, ದೂರ ಹತ್ತಿರ ಎಂಬ ಭೇದ ಹೋಗುತ್ತದೆ. ಹದಿನಾರನೇ ಶತಮಾನದ ಫ್ಲೆಮಿಶ್ ಚಿತ್ರಕಾರ ಬ್ರೂಗೆಲ್‌ನ ನೆನಪು ಇಲ್ಲಿ ಎಲ್ಲರಿಗೂ ಬರುತ್ತದೆ. ಪರ್ಷಿಯಾದ ಮಿನಿಯೇಚರ್ ಹೆಸರು ಹೇಳಬೇಕೆಂದಿದ್ದರೆ ಈ ಘಟ್ಟದಲ್ಲಿ ಹೇಳಿ, ಎತ್ತರದ ನೋಟ ಅಲ್ಲೂ ಇದೆ. ಆದರೆ ಅಮೂರ್ತದ ಘಟ್ಟಕ್ಕೆ ಅದನ್ನು ಎಳೆದೊಯ್ಯಬೇಡಿ.

ನಂತರ 1947ರಲ್ಲಿ ಒಂದು ಚಿತ್ರ. ಹೆಸರೇ ‘ಅಮೂರ್ತದ ವಿರುದ್ಧ ಕಾದಾಟ’. ಚೂಪು ಚೂರುಗಳ ನಡುವೆ ಮನುಷ್ಯದೇಹದ ತುಣುಕುಗಳು ಇನ್ನೂ ಸಿಕ್ಕಿಕೊಂಡಿವೆ, ಹೊರಬರಲೂ ಆಗದೆ ಕರಗಲೂ ಆಗದೆ. ಮರುವರ್ಷದ ಚಿತ್ರದ ಹೆಸರು ‘ಬಗೆಹರಿದ ಸಮಸ್ಯೆಗಳು’. ಅಲ್ಲಿ ಮನುಷ್ಯರಿಲ್ಲ. ಕಲಾವಿದರು ತಮ್ಮ ತಿರುವನ್ನು ಶೀರ್ಷಿಕೆಯಲ್ಲೇ ಹೀಗೆ ಬರೆದಿಟ್ಟುಹೋಗುವುದು ಅಪರೂಪ. ನಮ್ಮಂಥ ಬಡ ಮೇಷ್ಟ್ರುಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

1943, 1947, 1948ರ ಚಿತ್ರಗಳನ್ನು ಸಾಲಾಗಿ ಇಟ್ಟರೆ ನನಗೆ ಕಾಣುವುದು ಇದು: ಅವರು ಜನಸಂದಣಿಯನ್ನು ಬಿಡಲೇ ಇಲ್ಲ, ಸಂದಣಿಯಿಂದ ಜನರನ್ನು ಮಾತ್ರ ಹೊರಗೆ ಕಳಿಸಿದರು. ತುಂಬುವ ಚಟ ಮೊದಲೇ ಇತ್ತು. ಎತ್ತರದ ನೋಟ ಮೊದಲೇ ಇತ್ತು. ಕಪ್ಪು ರೇಖೆಯಿಂದ ಬಣ್ಣದ ಚೂರನ್ನು ಕಟ್ಟಿಹಾಕುವ ಕೈ ಮೊದಲೇ ಪಳಗುತ್ತಿತ್ತು. ಯುದ್ಧ ಮುಗಿದ ಮೇಲಿನ ಲಂಡನ್ ಮತ್ತು ಪ್ಯಾರಿಸ್ ಇವುಗಳಿಗೆ ಧೈರ್ಯ ಕೊಟ್ಟವು. ಮನುಷ್ಯಾಕೃತಿ ಇಲ್ಲದೆಯೂ ಚಿತ್ರ ನಿಲ್ಲುತ್ತದೆ ಎಂದು ಸುತ್ತಲಿನ ಜನ ಮಾಡಿ ತೋರಿಸುತ್ತಿದ್ದ ಊರುಗಳು ಅವು. ವಿಮರ್ಶಕ ಶಾರ್ಲ್ ಎಸ್ತಿಯೆನ್ ಸುತ್ತಲಿನ ಅಮೂರ್ತ ಕಲಾವಿದರ ವಲಯದಲ್ಲಿ ಅವರೂ ಇದ್ದರು. ಮಗ ನೆಜಾದ್ ದೆವ್ರಿಮ್ 1946ರಲ್ಲೇ ಪ್ಯಾರಿಸ್ ಸೇರಿ ಅಮೂರ್ತ ಚಿತ್ರ ಬರೆಯುತ್ತಿದ್ದರು. ತಾಯಿ ಮಗನ ನಡುವೆ ಯಾರಿಂದ ಯಾರಿಗೆ ಏನು ಹೋಯಿತು ಎಂಬುದು ನಿಮ್ಮ ಪ್ರಬಂಧದಲ್ಲಿ ಒಂದು ಪುಟ ಬೇಡುವ ವಿಷಯ. ಯಾವಾಗಲೂ ಹಿರಿಯರಿಂದ ಕಿರಿಯರಿಗೇ ಹರಿಯಬೇಕೆಂಬ ನಿಯಮವೇನೂ ಇಲ್ಲ. ಬೈಜಾಂಟಿಯಂ ಮತ್ತು ಕ್ಯಾಲಿಗ್ರಫಿಯ, ಎಂದರೆ ಅಕ್ಷರ ಬರೆಯುವ ಕಲೆಯ, ಆಸಕ್ತಿ ಮಗನಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಅವನ ಆಸ್ತಿಯನ್ನು ವಿಮರ್ಶಕರು ತಾಯಿಯ ಹೆಸರಿಗೆ ಖಾತೆ ಬದಲಾಯಿಸಿರುವ ಸಾಧ್ಯತೆ ಇದೆ ಎಂದು ನನಗೆ ಆಗಾಗ ಅನಿಸಿದೆ.

ಅವರು ಕೊಟ್ಟ ಇನ್ನೊಂದು ವಿವರಣೆಯೂ ಇದೆ. ಅಮೂರ್ತ ಕಲಾವಿದೆಯಾಗುವ ಉದ್ದೇಶ ತನಗಿರಲಿಲ್ಲ, ವಿಮಾನದಲ್ಲಿ ಹಾರಿದ್ದು ತನ್ನನ್ನು ಬದಲಿಸಿತು, ಮೇಲಿನಿಂದ ನೋಡಿದರೆ ಇಡೀ ನಗರ ಅಂಗೈಯಲ್ಲಿ ಹಿಡಿಸುತ್ತದೆ ಎಂಬ ಅರ್ಥದ ಮಾತು. ಚೆಂದದ ಮಾತು, ಇದನ್ನು ನಾನು ಟೈಲ್ಸಿಗಿಂತ ಹೆಚ್ಚು ನಂಬುತ್ತೇನೆ. ಆದರೆ ಇದನ್ನೂ ತಾರೀಖಿನ ಒರೆಗೆ ಹಚ್ಚಿ. ಕಣ್ಣನ್ನು ಮೇಲಕ್ಕೆ ಒಯ್ಯುವ ಅಭ್ಯಾಸ 1943ರ ಚಿತ್ರಗಳಲ್ಲೇ ಇದೆಯಲ್ಲ? ವಿಮಾನ ಕಲಿಸಲಿಲ್ಲ, ಇದ್ದದ್ದನ್ನು ಖಚಿತಪಡಿಸಿತು. ಕಲಾವಿದರು ತಮ್ಮ ಬಗ್ಗೆ ಹೇಳುವುದು ಸಾಕ್ಷ್ಯ, ತೀರ್ಪಲ್ಲ.

ಮಾನಸಿಕ ಕಾಯಿಲೆಯ ಮಾತಿಗೆ ಬಂದರೆ, ನಿಮ್ಮ ಗೆಳತಿ ಹೇಳಿದ್ದರಲ್ಲಿ ತಥ್ಯವಿದೆ. ಖಿನ್ನತೆ ಅವರನ್ನು ಮತ್ತೆ ಮತ್ತೆ ಕಾಡಿತು. 1938ರಲ್ಲಿ ಬರ್ಲಿನ್ನಿನಿಂದ ಬಾಗ್ದಾದಿಗೆ ಹೋಗಬೇಕಾಗಿ ಬಂದಾಗ ಅಲ್ಲಿ ನಿಲ್ಲಲಾಗದೆ ವೈದ್ಯರ ಸಲಹೆಯ ಮೇಲೆ ಯುರೋಪಿಗೆ ಮರಳಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಖಿನ್ನತೆ ಕೋಟ್ಯಂತರ ಜನಕ್ಕೆ ಇರುತ್ತದೆ, ತ್ರಿಕೋನ ಬರೆದವರು ಎಷ್ಟು ಮಂದಿ? ಕಾಯಿಲೆ ಒಂದು ವರ್ಷ ಚಿತ್ರ ಏಕೆ ಬರಲಿಲ್ಲ ಎಂಬುದನ್ನು ವಿವರಿಸೀತು. ಬಂದ ಚಿತ್ರ ಹೀಗೇ ಏಕಿದೆ ಎಂಬುದನ್ನು ವಿವರಿಸಲಾರದು. 5 ಮೀಟರ್ ಕ್ಯಾನ್ವಾಸಿನ ಮೇಲೆ ಸಾವಿರಾರು ಚೂರುಗಳನ್ನು ತೂಕ ತಪ್ಪದಂತೆ ನಿಲ್ಲಿಸುವುದು ಹುಚ್ಚಿನ ಆವೇಶದಲ್ಲಿ ಆಗುವ ಕೆಲಸವಲ್ಲ. ಬಡಗಿಯ ತಾಳ್ಮೆ ಬೇಕು.

ಬದುಕು ಚಿತ್ರದೊಳಗೆ ನೇರವಾಗಿ ಕೈ ಹಾಕಿದ ಸಂದರ್ಭ ಒಂದಿದೆ, ಅದನ್ನು ಬಿಡಬೇಡಿ. 1958ರ ಜುಲೈ 14ರಂದು ಬಾಗ್ದಾದಿನಲ್ಲಿ ಸೇನಾ ಕ್ರಾಂತಿಯಾಗಿ ರಾಜಮನೆತನವನ್ನು ಕೊಂದರು. ಪತಿ ಝೈದ್ ಲಂಡನ್ನಿನಲ್ಲಿ ಇರಾಕಿನ ರಾಯಭಾರಿ. ದಂಪತಿ ಆಗ ಬಾಗ್ದಾದಿಗೆ ಹೋಗದೆ ಇಟಲಿಯ ಇಸ್ಕಿಯಾ ದ್ವೀಪದಲ್ಲಿ ರಜೆಯಲ್ಲಿದ್ದುದರಿಂದ ಜೀವ ಉಳಿಯಿತು. ರಾಯಭಾರಿಯ ಮನೆ ಖಾಲಿ ಮಾಡಲು ಸಿಕ್ಕಿದ್ದು 24 ಗಂಟೆ. ಆಮೇಲೆ ಲಂಡನ್ನಿನ ಒಂದು ಫ್ಲ್ಯಾಟು, ಆಳುಕಾಳಿಲ್ಲ. 57ನೇ ವಯಸ್ಸಿನಲ್ಲಿ ಅವರು ಮೊದಲ ಸಲ ಅಡುಗೆ ಮಾಡಿದರು. ಊಟವಾದ ಮೇಲೆ ತಟ್ಟೆಯಲ್ಲಿ ಉಳಿದ ಹಕ್ಕಿಯ ಮೂಳೆಗಳು ಕಣ್ಣಿಗೆ ಬಿದ್ದವು. ಎಸೆಯಲಿಲ್ಲ. ತೊಳೆದು, ಬಣ್ಣ ಹಚ್ಚಿ, ಮುಂದೆ ಪಾರದರ್ಶಕ ರೆಸಿನ್‌ನಲ್ಲಿ (ಹೊಯ್ದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ) ಎರಕ ಹೊಯ್ದು ಬೆಳಕು ಹಾಯುವಂತೆ ನಿಲ್ಲಿಸಿದರು. ಅರಮನೆಯ ವೈಭವದಿಂದ ಚಿತ್ರ ಬಂತು ಎನ್ನುವವರಿಗೆ ಈ ಅಡುಗೆಮನೆಯನ್ನು ತೋರಿಸಿ. ಸೋತು ಕೂತಿದ್ದ ಆ ವರ್ಷಗಳಲ್ಲಿ ಮನುಷ್ಯಮುಖ ಮೆಲ್ಲಗೆ ಅವರ ಕ್ಯಾನ್ವಾಸಿಗೆ ಹಿಂದಿರುಗಿತು. ಅಮ್ಮಾನಿನ ಕೊನೆಯ ವರ್ಷಗಳೆಲ್ಲ ದೊಡ್ಡ ಕಣ್ಣಿನ, ನೇರ ದಿಟ್ಟಿಸುವ ಭಾವಚಿತ್ರಗಳು. 1976ರಲ್ಲಿ ಅಲ್ಲಿ ತಮ್ಮ ಹೆಸರಿನ ಕಲಾಸಂಸ್ಥೆ ತೆರೆದು ಹೆಣ್ಣುಮಕ್ಕಳಿಗೆ ಕಲಿಸಿದರು. 1947ರಲ್ಲಿ ಹೊರಗೆ ಕಳಿಸಿದ್ದ ಜನರನ್ನು ಒಬ್ಬೊಬ್ಬರಾಗಿ ಮನೆಗೆ ಕರೆದ ಹಾಗಿದೆ ಎಂದು ಟೇಟ್‌ನ ಕೊನೆಯ ಕೋಣೆಯಲ್ಲಿ ನನಗೆ ಅನ್ನಿಸಿತ್ತು.

ಇನ್ನು ಅಧ್ಯಾಯವನ್ನು ಹೇಗೆ ಬರೆಯುವುದು ಎಂಬುದು. ಪರಂಪರೆಯ ದಾರಿ ಹಿಡಿದರೆ ಉಲ್ಲೇಖಗಳು ರಾಶಿ ಸಿಗುತ್ತವೆ, ಪುಟ ಬೇಗ ತುಂಬುತ್ತದೆ. ಆದರೆ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದವರು, ಯಾವ ಟೈಲ್ಸ್, ಯಾವ ಕಟ್ಟಡ, ಯಾವ ವರ್ಷ ನೋಡಿದರು ಎಂದು ಕೇಳಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಪ್ಯಾರಿಸ್ಸಿನ ದಾರಿಯಲ್ಲಿ ದಾಖಲೆ ಗಟ್ಟಿ, ಮಾರ್ಗದರ್ಶಕರೂ ಸಂತೋಷಪಡುತ್ತಾರೆ. ಅಪಾಯವೆಂದರೆ ಫಹ್ರೆಲ್‌ನಿಸಾ ಯಾರದೋ ಹಿಂದಿನ ಸಾಲಿನ ಶಿಷ್ಯೆಯಾಗಿ ಉಳಿದುಬಿಡುತ್ತಾರೆ, 1943ರ ಚಿತ್ರಗಳು ಅಡಿಟಿಪ್ಪಣಿಗೆ ಇಳಿಯುತ್ತವೆ. ಜೀವನಚರಿತ್ರೆಯ ದಾರಿ ಓದಲು ರುಚಿ, ಆದರೆ ನಿಮ್ಮದು ಕಾದಂಬರಿಯಲ್ಲ.

ನಾನು ಸೂಚಿಸುವುದು ಮೂರು ನಾಲ್ಕು ಚಿತ್ರಗಳನ್ನಷ್ಟೇ ಹಿಡಿದು, ಕಾಲಕ್ರಮದಲ್ಲಿ, ಏನು ಉಳಿಯಿತು ಏನು ಹೋಯಿತು ಎಂದು ನೋಡುತ್ತ ಬರೆಯುವುದನ್ನು. ಪ್ರತಿಯೊಂದು ಪ್ರಭಾವದ ಹೆಸರಿನ ಎದುರು ಮೂರು ಪ್ರಶ್ನೆ ಬರೆದುಕೊಳ್ಳಿ: ನೋಡಿದ್ದು ಯಾವಾಗ, ಅದಕ್ಕೆ ಮೊದಲೇ ಅದು ಅವರ ಚಿತ್ರದಲ್ಲಿತ್ತೇ, ಅದನ್ನು ಮೊದಲು ಹೇಳಿದವರು ಯಾರು. ಇದರ ಅಪಾಯವನ್ನೂ ಹೇಳಬೇಕು. ನೀವು ಮೂಲ ಚಿತ್ರಗಳನ್ನು ನೋಡಿಲ್ಲ. ಐದು ಮೀಟರಿನ ಚಿತ್ರ ಮೊಬೈಲಿನಲ್ಲಿ ಬಸ್ ಟಿಕೆಟ್ಟಿನಷ್ಟಾಗುತ್ತದೆ, ಆಗ ಅದು ವಿನ್ಯಾಸದಂತೆ ಕಾಣದೆ ಇನ್ನೇನು? ಟೈಲ್ಸ್ ಎಂಬ ಭ್ರಮೆಗೆ ಅರ್ಧ ಕಾರಣ ಈ ಕುಗ್ಗಿದ ಅಳತೆಯೇ. ಆದ್ದರಿಂದ ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ‘ನನ್ನ ನರಕ’ವನ್ನು ನಿಜ ಅಳತೆಗೆ ಹಾಯಿಸಿ, ಅದರ ಮುಂದೆ ನಡೆದಾಡಿ, ಆಮೇಲೆ ಬರೆಯಿರಿ. ಮತ್ತು ಪ್ರತಿಕೃತಿಯಿಂದ ನೋಡಿದ್ದೇನೆ ಎಂದು ಪ್ರಬಂಧದಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ, ಯಾರೂ ಅಂಕ ಕಳೆಯುವುದಿಲ್ಲ. ಒಂದು ಎಚ್ಚರ: ಬೆಲೆಯ ಬಗ್ಗೆ ಬರೆಯುವ ಆಸೆ ಬಿಡಿ. 1962ರ ಅವರ ಚಿತ್ರವೊಂದು 2013ರಲ್ಲಿ ದುಬೈ ಹರಾಜಿನಲ್ಲಿ ಸುಮಾರು 27 ಲಕ್ಷ ಡಾಲರಿಗೆ ಹೋದದ್ದು ನಿಜ. ಅದು ಮಾರುಕಟ್ಟೆಯ ಸುದ್ದಿ. ‘ಪೂರ್ವದ ರಾಜಕುಮಾರಿ’ ಕಥೆ ಇನ್ನೂ ಸಾಯದಿರಲು ಹರಾಜಿನವರಿಗೆ ಅದರಿಂದ ಸಿಗುವ ಉಪಯೋಗವೂ ಒಂದು ಕಾರಣ ಎಂದು ಬೇಕಾದರೆ ಒಂದು ಸಾಲು ಸೇರಿಸಿ.

ಸಂಕೋಚದಿಂದ ಕೇಳಿದ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ‘ನಮ್ಮತನ ಎಲ್ಲಿದೆ’ ಎಂದು ಕೇಳುವವರು ಕೆಟ್ಟವರಲ್ಲ. ಕಾಣದ ಚಿತ್ರದಲ್ಲಿ ಹಿಡಿಯಲು ಒಂದು ಹಿಡಿಕೆ ಬೇಕು ಅವರಿಗೆ. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತು ಬಂದ ಮೇಲೂ, ಅವರ ರೇಖೆ ಯಕ್ಷಗಾನದ್ದೋ ಫ್ರಾನ್ಸಿನದ್ದೋ ಎಂಬ ಚರ್ಚೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನನ್ನ ಅನುಭವದಲ್ಲಿ ಈ ಪ್ರಶ್ನೆಗೆ ಹೆದರಿ ಕ್ಯಾನ್ವಾಸಿನ ಮೂಲೆಯಲ್ಲಿ ಒಂದು ಕಂಬಳಿ, ಒಂದು ಕಸೂತಿ ಗೋಪುರ ತಂದಿಟ್ಟ ವಿದ್ಯಾರ್ಥಿಗಳ ಚಿತ್ರ ಮಾರಾಟವಾಗಿದೆ, ಆದರೆ ಅವರು ಎರಡು ವರ್ಷದಲ್ಲಿ ಬರೆಯುವುದನ್ನು ನಿಲ್ಲಿಸಿದ್ದೂ ಇದೆ. ನೀವು ನಿಮ್ಮ ಹಳೆಯ ಸ್ಕೆಚ್ ಪುಸ್ತಕಗಳನ್ನು, ಶಾಲೆಯ ದಿನಗಳವನ್ನೂ ಸೇರಿಸಿ, ನೆಲದ ಮೇಲೆ ಹರಡಿಕೊಳ್ಳಿ. ಫಹ್ರೆಲ್‌ನಿಸಾ ಅವರಿಗೆ ಕೇಳಿದ ಮೂರು ಪ್ರಶ್ನೆಗಳನ್ನು ನಿಮಗೂ ಕೇಳಿಕೊಳ್ಳಿ. ಯಾವ ಚಟ ಬಿಟ್ಟೂ ಬಿಡದೆ ಬಂದಿದೆ ಎಂದು ಕಾಣುತ್ತದೆ. ಅದಕ್ಕೆ ಊರಿನ ಹೆಸರು ಇರಬಹುದು, ಇಲ್ಲದೆಯೂ ಇರಬಹುದು.

ಅಜ್ಜಿಯ ಕೌದಿಯ ಫೋಟೋ ಒಂದನ್ನು, ಹಗಲು ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ತೆಗೆದು, ಕಳುಹಿಸಿ. ಒಂದಂಗುಲದ ಕಿಟಕಿಯನ್ನು ಅದರ ಮೇಲೂ ಸರಿಸಿ ನೋಡಬೇಕೆಂದಿದೆ.